ಆರಿಸದೆ ಬಿಟ್ಟ ಆಂಪ್ಲಿಫೈಯರ್

ಚಾಮರಾಜಪೇಟೆಯ ಭಜನಾ ಮಂದಿರವೊಂದರ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ವಾಲ್ವ್ ಆಂಪ್ಲಿಫೈಯರನ್ನು ತಂದು ಗಿಟಾರಿಗೆ ಜೋಡಿಸಿಕೊಂಡಿದ್ದೆ. ವಾಲ್ಯೂಮನ್ನು ಕೊನೆಯವರೆಗೂ ತಿರುಗಿಸಿದರೆ ಮಾತ್ರ ಅದರೊಳಗಿನ ಗಾಜಿನ ವಾಲ್ವ್‌ಗಳು ದಣಿದು, ನಾನು ವರ್ಷಗಟ್ಟಲೆ ಹುಡುಕಿದ್ದ ಆ ಒಡಕು ದನಿ ಬರುತ್ತಿತ್ತು. ಇಳಿಸಿದರೆ ಮತ್ತೆ ಬರೀ ಸಭ್ಯ ಪೆಟ್ಟಿಗೆ.

ಒಮ್ಮೆ ತೋರಿಸಲು ಒಯ್ದಾಗ ರಿಪೇರಿ ಅಂಗಡಿಯವರು ಒಂದು ವಾಲ್ವನ್ನು ಪೆನ್ಸಿಲಿನಿಂದ ತಟ್ಟಿದರು. ಸ್ಪೀಕರ್ ಟಣ್ ಎಂದಿತು.

"ಇದು ಮೈಕ್ ಥರ ಆಗ್ಬಿಟ್ಟಿದೆ ಸಾರ್. ಎದುರಿಗೆ ಏನ್ ಸದ್ದಾದ್ರೂ ಹಿಡ್ಕೊಳತ್ತೆ. ಬದಲಾಯಿಸ್ಬಿಡಿ."

ನಾನು ಒಪ್ಪಲಿಲ್ಲ. ಕಷ್ಟಪಟ್ಟು ಸಿಕ್ಕ ದನಿಯನ್ನು ಕೈಬಿಡಲು ನನಗೇನು ಹುಚ್ಚೇ?

ಆಯುಧಪೂಜೆಯ ದಿನ ಅಮ್ಮ ನಡುಮನೆಯಲ್ಲಿದ್ದ ಆಂಪ್ಲಿಫೈಯರಿಗೂ ಕುಂಕುಮವಿಟ್ಟಳು. ಒಳಗೆ ಕೆಂಪಗೆ ಉರಿಯುತ್ತಿದ್ದ ವಾಲ್ವ್‌ಗಳನ್ನು ನೋಡಿ, "ದೀಪದ ಥರಾನೇ ಇದೆ, ಇವತ್ತು ಆರಿಸ್ಬೇಡ" ಎಂದಳು. ಗಿಟಾರಿನ ವೈರನ್ನು ಅದರಿಂದ ಬಿಚ್ಚಿಟ್ಟೆ. ವಾಲ್ಯೂಮ್ ಇಳಿಸುವುದನ್ನು ಮರೆತು, ಅಡುಗೆಮನೆಗೆ ಹೋಗಿ ಊಟಕ್ಕೆ ಕೂತೆ. ಮನೆಯಲ್ಲಿದ್ದದ್ದು ನಾವಿಬ್ಬರೇ, ಮುಂಬಾಗಿಲಿಗೆ ಚಿಲಕ ಹಾಕಿತ್ತು.

ನಡುಮನೆಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಭಜನೆಗೆ ಮುಂಚೆ ಮೈಕಿನ ಮುಂದೆ ಕೂತವರು ಮಾಡಿಕೊಳ್ಳುತ್ತಾರಲ್ಲ, ಹಾಗೆ. ಸ್ಪೀಕರಿನಿಂದ, ಅದೇ ಒಡಕು ದನಿಯಲ್ಲಿ. ನನ್ನ ಕೈಯ ತುತ್ತು ಅಲ್ಲೇ ನಿಂತಿತು. ಆ ವಾಲ್ವ್ ತಾನಾಗಿ ಯಾವ ಸದ್ದನ್ನೂ ಹುಟ್ಟಿಸುವುದಿಲ್ಲ. ಎದುರಿಗಿದ್ದವರ ಸದ್ದನ್ನಷ್ಟೇ ಹಿಡಿಯುತ್ತದೆ.

ಅಮ್ಮ ಆಗಲೇ ಇನ್ನೊಂದು ಬಾಳೆಲೆ ತೊಳೆಯುತ್ತಿದ್ದಳು. "ಯಾರೋ ಬಂದಿದಾರಲ್ಲ, ಅವರ್ನೂ ಊಟಕ್ಕೆ ಕರಿ."