ಮೂಲೆ ಸೈಟಿನ ಹೊಂಗೆ

ಸೈಟು ಕೊಳ್ಳುವವರಿಗೆ ನಾನು ಸಾಮಾನ್ಯವಾಗಿ ಮೂರು ಮಾತು ಹೇಳುತ್ತೇನೆ. ಮಳೆ ಬಿದ್ದ ಮರುದಿನ ಹೋಗಿ ನೋಡಿ, ನೀರು ಎಲ್ಲಿ ನಿಲ್ಲುತ್ತದೆ ಅಂತ ತಿಳಿಯುತ್ತದೆ. ಬೋರಿನ ನೀರನ್ನು ಬಾಯಿಗೆ ಹಾಕಿಕೊಂಡು ನೋಡಿ. ದಲ್ಲಾಳಿ ಹೇಳಿದ ಮೊದಲ ಬೆಲೆಗೆ ನಕ್ಕುಬಿಡಿ, ಎರಡನೆಯದಕ್ಕೆ ಸುಮ್ಮನಿರಿ. ನಾಲ್ಕನೆಯ ಮಾತೊಂದಿದೆ. ಅದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ನಾವು ಎಷ್ಟೋ ತಲೆಮಾರುಗಳ ಹಿಂದೆ ಉತ್ತರದಿಂದ ತಮಿಳುನಾಡಿನ ಈ ಕಣಿವೆಗೆ ಬಂದ ಕನ್ನಡದವರು. ಯಾವ ಕಾಲ, ಯಾವ ರಾಜ, ಯಾರಿಗೂ ಸರಿಯಾಗಿ ಗೊತ್ತಿಲ್ಲ. ನನ್ನ ಅವ್ವ ಹೇಳುತ್ತಿದ್ದುದು ಇಷ್ಟು: ಬೆನ್ನಟ್ಟಿದವರಿಂದ ತಪ್ಪಿಸಿಕೊಂಡು ನಮ್ಮವರು ಓಡುತ್ತಿದ್ದಾಗ ಎದುರಿಗೆ ಹೊಳೆ ತುಂಬಿ ಹರಿಯುತ್ತಿತ್ತು. ದಡದ ಹೊಂಗೆ ಮರ ಬಾಗಿ ಆಚೆ ದಡ ಮುಟ್ಟಿತು. ಎಲ್ಲರೂ ದಾಟಿದ ಮೇಲೆ ಮತ್ತೆ ನೆಟ್ಟಗಾಯಿತು. ಅದಕ್ಕೇ ಹೊಸ ಜಾಗದಲ್ಲಿ ಮನೆ ಕಟ್ಟುವ ಮೊದಲು ನಮ್ಮ ಮನೆತನಗಳಲ್ಲಿ ಒಂದು ಹೊಂಗೆ ಕೊಂಬೆ ನೆಡುತ್ತಾರೆ.

ಏಲಕ್ಕಿ ಶೆಡ್ಡಿನಲ್ಲಿ ಕಸ ಗುಡಿಸುವುದರಿಂದ ಶುರುಮಾಡಿದವನು ನಾನು. ಆಮೇಲೆ ಏಲಕ್ಕಿ ದಲ್ಲಾಳಿಯಾದೆ, ಬೋಡಿಯಲ್ಲಿ ಸ್ವಂತ ಶೆಡ್ಡು ಹಾಕಿದೆ. ಊರು ತೇನಿ ರಸ್ತೆಯುದ್ದಕ್ಕೂ ಬೆಳೆಯತೊಡಗಿದಾಗ ಒಂದು ತೆಂಗಿನ ತೋಪು ಕೊಂಡು ಸೈಟುಗಳಾಗಿ ಹಂಚಿದೆ. ನಮ್ಮವರ ಪಕ್ಕದಲ್ಲಿ ನಮ್ಮವರೇ ಇರಬೇಕು ಎಂದು ಕೊಳ್ಳಲು ಬಂದವರೆಲ್ಲ ಹೇಳಿದರು. ಕಾಗದದಲ್ಲಿ ಹಾಗೆ ಬರೆಯಲು ಬರುವುದಿಲ್ಲ. ನಾನು ಉಪಾಯ ಹುಡುಕಿದೆ. ನಮ್ಮವರು ಮುಂಗಡ ಕೊಟ್ಟ ದಿನವೇ ಅವರ ಕೈಯಲ್ಲಿ ಹೊಂಗೆ ಕೊಂಬೆ ನೆಡಿಸುವುದು. ಬೇರೆಯವರು ಬಂದು ಕೇಳಿದರೆ, ಕೊಂಬೆ ಇರುವುದು ಮಾರಿ ಹೋಗಿದೆ, ಇಲ್ಲದ್ದು ಮಾತಾಗಿದೆ ಎನ್ನುವುದು. ಯಾರ ಮನಸ್ಸೂ ನೋಯುವುದಿಲ್ಲ, ನನ್ನ ಮೇಲೆ ಕೇಸೂ ಆಗುವುದಿಲ್ಲ. ಆ ಜಾಣತನಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಮೂಲೆ ಸೈಟು ಕೇಳಿ ಬಂದವಳು ಜಾರ್ಖಂಡಿನವಳು. ಗಂಡನ ಜೊತೆ ಬೆಟ್ಟದ ಮೇಲೆ ಬೋಡಿಮೆಟ್ಟಿನ ಎಸ್ಟೇಟಿಗೆ ಕೂಲಿಗೆ ಬಂದವಳು, ಮಗಳು ಹುಟ್ಟಿದ ಮೇಲೆ ಕೆಳಗಿಳಿದು ನನ್ನ ಶೆಡ್ಡಿನಲ್ಲಿ ಏಲಕ್ಕಿ ಆಯಲು ಸೇರಿದಳು. ಹಸಿರು ಕಾಯಿ ಒಂದು ಕಡೆ, ಬಿಳಿಚಿದ್ದು ಒಂದು ಕಡೆ, ಬಾಯಿ ಒಡೆದದ್ದು ಒಂದು ಕಡೆ. ಅವಳ ಬೆರಳು ತಪ್ಪುತ್ತಿರಲಿಲ್ಲ. ಅವ್ವ ಹಾಸಿಗೆ ಹಿಡಿದಾಗ ಮನೆಗೆ ಬಂದು ನೋಡಿಕೊಂಡವಳೂ ಅವಳೇ. ಅವ್ವನ ಬಾಯಲ್ಲಿ ಕೊನೆಗೆ ನಮ್ಮ ಮನೆಮಾತಷ್ಟೇ ಉಳಿದಿತ್ತು. ನನ್ನ ಮೊಮ್ಮಕ್ಕಳು ಅದನ್ನು ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದರು. ಇವಳು ನಾಲ್ಕು ವರ್ಷದಲ್ಲಿ ಅವ್ವನ ಮಾತನ್ನು ಬೈಗುಳದ ಸಮೇತ ಕಲಿತಳು. ಹೊಂಗೆಯ ಕಥೆಯನ್ನೂ ಅವ್ವನಿಂದಲೇ ಕೇಳಿದಳು.

ಅವಳಿಗೆ ಬೇಕಿದ್ದುದು ಒಂದೇ, ಯಾರೂ ಖಾಲಿ ಮಾಡಿಸಲಾಗದ ಮನೆ. ಬಾಡಿಗೆಗೆ ಕೊಟ್ಟವರು ವರ್ಷ ತುಂಬುವ ಮೊದಲೇ ಏನಾದರೂ ನೆಪ ತೆಗೆದು ಎಬ್ಬಿಸುತ್ತಿದ್ದರು. ಮಗಳು ಹತ್ತನೇ ತರಗತಿಯಲ್ಲಿದ್ದಳು. ಆ ವರ್ಷವೇ ಎರಡು ಸಲ ಪಾತ್ರೆ ಪುಸ್ತಕ ಹೊತ್ತು ಮನೆ ಬದಲಾಯಿಸಿದ್ದರು. ಗಂಡ ಹೆಂಡತಿ ದುಡಿದು ಕೂಡಿಸಿದ ದುಡ್ಡು ಕೈಯಲ್ಲಿತ್ತು. ಮೂಲೆ ಸೈಟು ಕೊಡಿ ಎಂದು ಕೇಳಿದಳು. ಅದು ಮಾತಾಗಿದೆ ಎಂದೆ. ಅವಳು ದಿನಾ ಅದೇ ದಾರಿಯಲ್ಲಿ ಬರುವವಳು; ಅಲ್ಲಿ ಕೊಂಬೆ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಮೊದಲು ಕೊಂಬೆ ನೆಟ್ಟು ಆಮೇಲೆ ಜಾಗ ಕೇಳುವುದೇ ನಮ್ಮ ಕ್ರಮವಿರಬೇಕು, ತಾನು ಅದನ್ನು ತಪ್ಪಿದೆ ಎಂದುಕೊಂಡಳು.

ಆಗ ಏಲಕ್ಕಿ ಕೊಯ್ಲಿನ ಕಾಲ. ತಿಂಗಳಿಗೂ ಮೇಲೆ ನಾನು ಬೆಟ್ಟದಲ್ಲೇ ಇದ್ದೆ. ಇಳಿದು ಬಂದು ನೋಡಿದರೆ ಮೂಲೆ ಸೈಟಿನಲ್ಲಿ ಹೊಂಗೆ ಕೊಂಬೆ, ಬುಡಕ್ಕೆ ಅಚ್ಚುಕಟ್ಟಾದ ಪಾತಿ. ಆಗಲೇ ಚಿಗುರಿತ್ತು. ಬೀದಿಯ ಹಿರಿಯರೊಬ್ಬರು, ಹೆಂಡತಿಯ ಕಡೆಯಿಂದ ನನಗೆ ಮಾವ, ಅದರ ಪಕ್ಕದಲ್ಲೇ ನನಗಾಗಿ ಕಾಯುತ್ತಿದ್ದರು. ಉತ್ತರದಿಂದ ಕೂಲಿಗೆ ಬಂದವರನ್ನು ಇಲ್ಲಿ ಈಗ ವಡಕ್ಕರು ಎನ್ನುತ್ತಾರೆ.

“ಏನ್ ಮಾಪಿಳ್ಳೆ, ವಡಕ್ಕರ ಕೈಗೂ ನಮ್ ಕೊಂಬೆ ಕೊಟ್‌ಬಿಟ್ಯಾ? ನಾಳಿಕ್ಕೆ ಪೊಣ್ಣೂ ಕೊಡ್ತೀಯಾ?”

ನಾವೂ ವಡಕ್ಕಿಂದ ಬಂದವರೇ ಅಲ್ಲವೇ ಮಾವ ಎಂದು ತಮಾಷೆ ಮಾಡಿದೆ. ಅವರು ನಗಲಿಲ್ಲ. ಮೂವರು ಮುಂಗಡ ವಾಪಸು ಕೇಳುತ್ತಿದ್ದಾರೆ ಎಂದರು. ನನಗೆ ಅಷ್ಟು ಸಾಕಾಯಿತು. ಅವರ ಕಣ್ಣೆದುರಿಗೇ ಕೊಂಬೆ ಹಿಡಿದು ಎಳೆದೆ. ಬೇರು ಬಿಟ್ಟಿತ್ತು, ಎರಡೂ ಕೈ ಹಾಕಬೇಕಾಯಿತು. ಅರ್ಧ ಬೇರು ಮುರಿದು ಮಣ್ಣಿನೊಳಗೇ ಉಳಿಯಿತು.

ಮಧ್ಯಾಹ್ನ ಶೆಡ್ಡಿನಲ್ಲಿ ಅವಳು ಮೊರ ಹಿಡಿದುಕೊಂಡೇ ನನ್ನ ಮೇಜಿನ ಮುಂದೆ ಬಂದು ನಿಂತಳು. ಕೂಗಾಡಲಿಲ್ಲ, ಅಳಲಿಲ್ಲ.

“ಯಾಕಣ್ಣಾ ಕಿತ್ರಿ? ಬಂದೋರು ನೆಡ್ಬೇಕು ಅಂತ ಅವ್ವಾನೇ ಸೊಲ್ಲಿದ್ದು. ನಾನೂ ಬಂದೋಳ್ ತಾನೆ?”

ನಾನು ವ್ಯಾಪಾರಕ್ಕೆ ಇಳಿದೆ. ನಮ್ಮ ಸೈಟುಗಳ ಹಿಂದಿನ ಹಳ್ಳದ ಆಚೆ ನನ್ನದೇ ಜಾಗವಿದೆ, ಕಡಿಮೆಗೆ ಕೊಡುತ್ತೇನೆ ಎಂದೆ. ಅಲ್ಲಿ ತಗಡಿನ ಮನೆಗಳಲ್ಲಿ ನಿಮ್ಮ ಕಡೆಯವರು ಇದ್ದಾರೆ, ಹಬ್ಬ ಹರಿದಿನಕ್ಕೆ ಜೊತೆಯಾಗುತ್ತದೆ, ಬೋರನ್ನೂ ನಾನೇ ಹಾಕಿಸಿಕೊಡುತ್ತೇನೆ ಎಂದೆ. ಅಂಥ ಬೆಲೆಯನ್ನು ನಾನು ಒಡಹುಟ್ಟಿದ ತಮ್ಮನಿಗೂ ಹೇಳಿದವನಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು.

“ಅಲ್ಲಿಂದ ಬಸ್ಸಿಗೆ ಹೋಗಾಕೆ ನಿಮ್ ಬೀದಿ ಗೇಟು ನನ್ ಮಗ್ಳಿಗೆ ತೆಗೀತಾರಾ ಅಣ್ಣಾ?”

ಆ ಗೇಟು ಹಾಕಿಸಿದವನು ನಾನೇ. ಹಳ್ಳದ ಆಚೆಯವರು ನಮ್ಮ ಬೀದಿಯಲ್ಲಿ ಓಡಾಡಬಾರದು ಎಂದೇ ಹಾಕಿಸಿದ್ದು. ಸುತ್ತಿಕೊಂಡು ಹೋಗಬಹುದು, ಅಂಥ ದೂರವೇನಿಲ್ಲ ಎಂದೆ. ಅವಳು ಮೊರವನ್ನು ಗೋಡೆಗೆ ಒರಗಿಸಿಟ್ಟು ಹೊರಗೆ ಹೋದಳು. ಮತ್ತೆ ಕೆಲಸಕ್ಕೆ ಬರಲಿಲ್ಲ. ಮಗಳ ಪರೀಕ್ಷೆ ಮುಗಿದ ವಾರ ಸಂಸಾರ ಬತ್ತಲಗುಂಡಿಗೆ ಹೋಯಿತಂತೆ. ಅಲ್ಲೂ ಬಾಡಿಗೆ ಮನೆಯೇ ಎಂದು ಶೆಡ್ಡಿನ ಹೆಂಗಸರು ನನಗೆ ಕೇಳಿಸುವ ಹಾಗೆ ಮಾತಾಡಿಕೊಂಡರು.

ನಾಲ್ಕನೆಯ ಮಾತು ಇದು: ಸೈಟು ನೋಡಲು ಹೋದಾಗ, ಇಲ್ಲಿ ಯಾರಿಗೆ ಇಲ್ಲವೆಂದಿರಿ ಎಂದು ಕೇಳಿ. ದಲ್ಲಾಳಿ ನಿಜ ಹೇಳುವುದಿಲ್ಲ. ಆದರೂ ಕೇಳಿ, ಅವನ ಮುಖ ನೋಡಿ.

ನನ್ನನ್ನು ಯಾರೂ ಕೇಳಲಿಲ್ಲ. ಮೂಲೆ ಸೈಟನ್ನು ದಿಂಡುಗಲ್ಲಿನಲ್ಲಿರುವ ನಮ್ಮವರೇ ಒಬ್ಬ ಡಾಕ್ಟರು ಕೊಂಡರು. ಕೊಂಬೆ ನೆಡುವಾಗ ಅವರ ಮಗ ಇದು ಯಾವ ಗಿಡ, ಯಾಕೆ ನೆಡಬೇಕು ಎಂದು ತಮಿಳಿನಲ್ಲಿ ಕೇಳಿದ. ಡಾಕ್ಟರು ನನ್ನ ಮುಖ ನೋಡಿದರು. ಅವ್ವನ ಕಥೆಯನ್ನು ನಾನು ತಮಿಳಿನಲ್ಲಿ ಎರಡು ನಿಮಿಷಕ್ಕೆ ಹೇಳಿ ಮುಗಿಸಿದೆ. ನೀರು ಹಾಕುವವರಿಲ್ಲದೆ ಆ ಕೊಂಬೆ ಎರಡು ವಾರಕ್ಕೆ ಒಣಗಿತು. ಗಾಳಿಗೆ ಬಿದ್ದು ಯಾರದೋ ಒಲೆ ಸೇರಿತು. ಮಳೆ ಹಿಡಿದಾಗ ಅದರ ಗೇಣು ದೂರದಲ್ಲಿ, ನಾನು ಮುರಿದ ಬೇರಿನಿಂದ, ಹೊಸ ಚಿಗುರು ಎದ್ದಿತು.

ಒಂದು ಭಾನುವಾರ ಡಾಕ್ಟರು ಬಂದು ಅದನ್ನು ಕಂಡು ಕುಣಿದಾಡಿದರು. ಫೋನಿನಲ್ಲಿ ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದರು.

“ನೋಡಿದ್ರಾ ಮಾಮಾ, ನಮ್ಮೋರ್ ಕೈನ ಈ ಮಣ್ಣು ಮರ್ತಿಲ್ಲ.”

ಅವರ ತಮ್ಮನಿಗೂ ಪಕ್ಕದಲ್ಲೇ ಜಾಗ ಬೇಕಿತ್ತು. ಪಕ್ಕದ ಸೈಟು ಇನ್ನೂ ಮಾರಿರಲಿಲ್ಲ. ಹೌದು ಡಾಕ್ಟರೇ, ಎಲ್ಲ ನಿಮ್ಮ ಕೈಗುಣ ಎಂದೆ.