ಜರ್ಮನ್ ಟೀಚರ್ ಕಾಪುವಿನಲ್ಲೇ ಇದ್ದರು

ನಮ್ಮ ಜರ್ಮನ್ ಟೀಚರ್ ಅವರ ಎರಡೂ ಕೆನ್ನೆಗಳ ಮೇಲೆ, ಮೂಗಿನಿಂದ ಕಿವಿಯವರೆಗೆ, ಒಂದೊಂದು ಕೆಂಪು ಗೆರೆ ಇರುತ್ತಿತ್ತು. ಕಂಪ್ಯೂಟರ್ ಪರದೆಯ ಮಂಕು ಚಿತ್ರದಲ್ಲೂ ಅದು ಕಾಣುತ್ತಿತ್ತು. ಈಗಷ್ಟೇ ಮಲಗಿ ಎದ್ದಿದ್ದಾರೆ, ದಿಂಬಿನ ಅಚ್ಚು ಎಂದು ನಾವು ನಗುತ್ತಿದ್ದೆವು.

ಅದು ಎರಡು ಸಾವಿರದ ಎಂಟರ ಸುಮಾರು. ನಾನು ಅಲೆವೂರಿನಿಂದ ಬಸ್ಸಿನಲ್ಲಿ ಮಣಿಪಾಲಕ್ಕೆ ಹೋಗಿ ಎಂ.ಎ. ಓದುತ್ತಿದ್ದೆ. ಜರ್ಮನ್ ತೆಗೆದುಕೊಂಡ ಹದಿನಾಲ್ಕು ಮಂದಿಗೆ ವಾರಕ್ಕೆ ಮೂರು ಸಂಜೆ ಲ್ಯಾಬಿನಲ್ಲಿ, ಒಬ್ಬೊಬ್ಬರು ಒಂದೊಂದು ಕಂಪ್ಯೂಟರಿನ ಮುಂದೆ, ಆನ್‌ಲೈನ್ ತರಗತಿ. ಟೀಚರ್ ನಮ್ಮ ಕಡೆಯವರು, ಹದಿನೆಂಟು ವರ್ಷ ಜರ್ಮನಿಯಲ್ಲಿ ನರ್ಸ್ ಆಗಿದ್ದವರು ಎಂದಷ್ಟೇ ಗೊತ್ತಿತ್ತು. ಅಲ್ಲಿಂದಲೇ ಪಾಠ ಮಾಡುತ್ತಾರೆ ಎಂದುಕೊಂಡಿದ್ದೆವು.

ಆಗ ಚಿತ್ರ ಪದೇಪದೇ ನಿಂತುಬಿಡುತ್ತಿತ್ತು. ಉತ್ತರ ಗೊತ್ತಿಲ್ಲದಿದ್ದರೆ ನಾವೂ ಅದನ್ನೇ ನಟಿಸುತ್ತಿದ್ದೆವು. ಬಾಯಿ ಅರ್ಧ ತೆರೆದು ಅಲುಗಾಡದೆ ಕೂತರೆ ಲೈನ್ ಹೋಯಿತೆಂದು ಅವರು ಬೇರೆಯವರನ್ನು ಕೇಳುತ್ತಿದ್ದರು. ಒಮ್ಮೆ ನಾನು ಹಾಗೆ ಕೂತಿದ್ದಾಗ ಸ್ವಲ್ಪ ಹೊತ್ತು ನೋಡಿ, “ಮಾರಾಯ್ತಿ, ನಿನ್ನ ಹಿಂದೆ ಫ್ಯಾನ್ ತಿರುಗ್ತಾ ಉಂಟು” ಎಂದರು. ಇಡೀ ಲ್ಯಾಬ್ ನಕ್ಕಿತು. ಅವರು ನಗಲಿಲ್ಲ. “ತಪ್ಪು ಹೇಳು. ಹೇಳಿದ್ರೆ ಎಂತ ಆಗ್ತದೆ? ನಾನು ಇರುವುದು ಅದಕ್ಕೇ ಅಲ್ವಾ?”

ಎರಡನೇ ಸೆಮಿಸ್ಟರಿನಲ್ಲಿ ಅವರು ಹತ್ತು ನಿಮಿಷಕ್ಕೊಮ್ಮೆ ಎದ್ದು ಹೋಗತೊಡಗಿದರು. ಪರದೆಯಲ್ಲಿ ಖಾಲಿ ಕುರ್ಚಿಯನ್ನು ನೋಡುತ್ತ ನಾವು ಕೂತಿರಬೇಕು. ಮರಳಿದಾಗ ಮಾತು ತುಂಡುತುಂಡು. ಪರೀಕ್ಷೆ ಹತ್ತಿರವಿತ್ತು. ಕಾರ್ಕಳದಿಂದ ಬರುತ್ತಿದ್ದ ಸಹಪಾಠಿಯೊಬ್ಬ ದೂರು ಬರೆದ: ಟೀಚರಿಗೆ ಆಸಕ್ತಿ ಇಲ್ಲ, ಬದಲಾಯಿಸಿ. “ನೀನೂ ಸಹಿ ಹಾಕು, ಎಂತ ಯೋಚನೆ?” ಎಂದ. ಹಾಕಿದೆ. ಮುಂದಿನ ವಾರ ಟೀಚರ್ ಬರಲಿಲ್ಲ. ಅವರ ಬದಲು ನಮ್ಮ ಕೈಗೆ ಸಿ.ಡಿ.ಗಳು ಬಂದವು.

ಸಿ.ಡಿ.ಗೆ ನನ್ನ ಉಚ್ಚಾರ ಸರಿಯೋ ತಪ್ಪೋ ಒಂದೂ ಗೊತ್ತಾಗುತ್ತಿರಲಿಲ್ಲ. ಟೀಚರಿಗೆ ಕಾಗದ ಬರೆದು ಕೆಲವು ಸಂಶಯ ಕೇಳೋಣವೆಂದು ಆಫೀಸಿನಲ್ಲಿ ಅವರ ಜರ್ಮನಿಯ ವಿಳಾಸ ಕೇಳಿದೆ.

“ಎಂತ ಜರ್ಮನಿ? ಅವರು ಇರುವುದು ಇಲ್ಲೇ ಕಾಪುವಿನಲ್ಲಿ ಮಾರಾಯ್ತಿ” ಎಂದರು ಗುಮಾಸ್ತರು. “ಮನೆಯಿಂದ ಹೊರಗೆ ಬರ್ಲಿಕ್ಕೆ ಆಗುವುದಿಲ್ಲ. ಅದಕ್ಕೇ ಕಂಪ್ಯೂಟರಿನಲ್ಲಿ ಪಾಠ.”

ಆ ಭಾನುವಾರವೇ ಹೋದೆ. ಅವರು ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ಪಕ್ಕದ ಆಮ್ಲಜನಕದ ಸಿಲಿಂಡರಿನಿಂದ ಬಂದ ನಳಿಗೆ ಕಿವಿಗಳ ಮೇಲಿಂದ ಹಾದು, ಸರಿಯಾಗಿ ಆ ಕೆಂಪು ಗೆರೆಗಳ ಮೇಲೆಯೇ ಮೂಗಿಗೆ ಸೇರಿತ್ತು. ಶ್ವಾಸಕೋಶ ಸೋತಿತ್ತು. ನಾನು ನೋಡುತ್ತ ನಿಂತುಬಿಟ್ಟೆ.

“ಪಾಠದ ಹೊತ್ತಿಗೆ ಇದನ್ನು ತೆಗೆದಿಡ್ತಿದ್ದೆ” ಎಂದರು. “ಕಂಡ್ರೆ ನೀವೆಲ್ಲ ಪಾಪ ಅಂತ ಸುಮ್ಮನೆ ಕೂತುಕೊಳ್ತೀರಿ. ಮತ್ತೆ ಯಾರೂ ಬಾಯಿ ಬಿಡುವುದಿಲ್ಲ.” ಮತ್ತೆ, “ಕೆಲವರು ದೂರು ಕೊಟ್ಟಿದ್ದಾರಂತೆ. ಹೆಸರು ನಾನು ಕೇಳ್ಲಿಲ್ಲ” ಎಂದರು.

ಉಳಿದ ಪಾಠಗಳನ್ನು ಅವರೇ ಮಾಡಿಕೊಡುತ್ತೇನೆಂದರು. ನಾನು ಭಾನುವಾರಗಳಂದು ಹೋಗತೊಡಗಿದೆ. ಒಮ್ಮೆ ಮಟ್ಟುವಿನ ಗುಳ್ಳ ಬದನೆ ಒಯ್ದಿದ್ದೆ. ಊಟವೇ ಸೇರದ ಅವರು ಅದನ್ನು ಕೈಯಲ್ಲಿ ಹಿಡಿದು, “ಜರ್ಮನಿನಲ್ಲಿ ಬದನೆ ಗಂಡೋ ಹೆಣ್ಣೋ?” ಎಂದು ಕೇಳಿದರು. ಗಂಡು ಎಂದೆ. ಹೆಣ್ಣಂತೆ.

ಐದನೇ ಭಾನುವಾರ ಭೂತಕಾಲದ ಪಾಠ. ನೀನು ಮಾಡಿದ ಏನಾದರೂ ಒಂದು ಕೆಲಸ ಹೇಳು ಎಂದರು. ತಲೆ ತಗ್ಗಿಸಿ ಜರ್ಮನಿನಲ್ಲಿ, “ನಾನೂ ಸಹಿ ಹಾಕಿದ್ದೇನೆ” ಎಂದೆ.

ಅವರು ಕಿಟಕಿಯಾಚೆ ನೋಡಿದರು.

“ಕ್ರಿಯಾಪದ ಎರಡನೇ ಜಾಗದಲ್ಲಿ ಬರಬೇಕು. ಇನ್ನೊಮ್ಮೆ ಹೇಳು.”

ಆ ಮಾತನ್ನು ಎರಡನೇ ಸಲ ಆಡುವುದು ಎಷ್ಟು ಕಷ್ಟವೆಂದು ಆಗ ಗೊತ್ತಾಯಿತು. ಹೇಳಿದೆ.

“ಈಗ ಸರಿ ಉಂಟು. ಮುಂದಿನ ವಾಕ್ಯ.”

ಆ ಗುರುವಾರ ಅವರನ್ನು ಆಸ್ಪತ್ರೆಗೆ ಸೇರಿಸಿದರು. ಶನಿವಾರ ತೀರಿಕೊಂಡರು.

ನಾನು ಪರೀಕ್ಷೆ ಪಾಸಾದೆ. ಇಂದು ಅನ್ನ ತಿನ್ನುವುದೂ ಆ ಭಾಷೆಯಿಂದಲೇ. ಆದರೆ ಮರೆಯದಿರುವುದು ಆ ಶನಿವಾರ. ಕಾಪುವಿನ ಅವರ ಮನೆಯ ಅಂಗಳದಲ್ಲಿ ಕಾರ್ಕಳದ ಸಹಪಾಠಿಯೂ ಬಂದು ನಿಂತಿದ್ದ.

“ನಾವು ಸಹಿ ಹಾಕಿದ್ದು ಅವರಿಗೆ ಗೊತ್ತಿತ್ತಾ?” ಎಂದು ಮೆಲ್ಲಗೆ ಕೇಳಿದ.

“ನನ್ನದು ಗೊತ್ತಿತ್ತು. ನಾನೇ ಹೇಳಿದ್ದೆ.”

“ಬೈದ್ರಾ?”

“ಇಲ್ಲ.”

ಅವನು ಮುಖ ಮುಚ್ಚಿಕೊಂಡು ಅಳತೊಡಗಿದ. ನನಗೆ ಅಳಲೂ ಆಗಲಿಲ್ಲ.