ತೂಡಾಳ ಚಿಂದಿ ಜಮಖಾನೆ

ಗಂಡ ಎರಡನೆಯವಳನ್ನು ಮನೆಗೆ ಕರೆತಂದ ಮರುದಿನವೇ ತೂಡಾ ಬಟ್ಟೆಯ ಮೂಟೆ ಹೊತ್ತು ಗುಡ್ಡದಾಚೆಯ ತವರಿಗೆ ನಡೆದು ಬಂದಳು. ಅಣ್ಣ ಬಾಗಿಲಲ್ಲೇ ತಡೆದ.

"ವಾಪಸ್ ಹೋಗು. ನೋಡಿದೋರು ಏನಂತಾರೆ?"

"ಅನ್ನೋರು ಅನ್ಲಿ. ಮನೇಲಿ ಜಾಗ ಇಲ್ದಿದ್ರೆ ಹೇಸರಗತ್ತೆ ಪಕ್ಕ ಮಲಗ್ತೀನಿ. ಅದೇನೂ ತಕರಾರು ಮಾಡಲ್ಲ," ಎಂದಳು. ಚಳಿಗಾಲ ಪೂರ್ತಿ ಕೊಟ್ಟಿಗೆಯಲ್ಲಿ ಮಲಗಿಯೂ ತೋರಿಸಿದಳು.

ಅಟ್ಲಾಸ್ ಬೆಟ್ಟದ ತಪ್ಪಲಿನ ಆ ಹಳ್ಳಿಯಲ್ಲಿ ಮಗ್ಗವಿಲ್ಲದ ಮನೆಯಿಲ್ಲ. ಆದರೆ ಉಣ್ಣೆ ಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ಮೂಟೆಯಲ್ಲಿದ್ದ ಮದುವೆ ಬಟ್ಟೆಯನ್ನೇ ಪಟ್ಟಿ ಪಟ್ಟಿ ಕತ್ತರಿಸಿ ನೇಯ್ದಳು. ಅದು ಮುಗಿದ ಮೇಲೆ ಅತ್ತಿಗೆಯ ಹರಿದ ನೈಟಿ, ಹುಡುಗರ ಫುಟ್‌ಬಾಲ್ ಅಂಗಿ, ಸಂತೆಯಲ್ಲಿ ಯಾರೂ ಕೊಳ್ಳದೆ ಉಳಿದ ಸ್ವೆಟರು. ಚಿಂದಿ ಜಮಖಾನೆಯೆಂದರೆ ಬಡವರ ಒಳಕೋಣೆಯ ಹಾಸು. ನೆಂಟರು ಬಂದರೆ ಸುತ್ತಿ ಮೂಲೆಗಿಡುವಂಥದ್ದು. ತೂಡಾ ಅದನ್ನು ಬೀದಿಗೆ ಕಾಣುವಂತೆ ಗೋಡೆಯ ಮೇಲೆ ಹರಡಿದಳು.

ಹೆಂಗಸರ ನೇಯ್ಗೆ ಸಂಘ ಶುರುವಾದಾಗ ಅವಳೂ ಸೇರಿದಳು. ನೇಯುವವರೆಲ್ಲ ಹೆಂಗಸರು, ಕಾರ್ಯದರ್ಶಿ ಮಾತ್ರ ಬುಅಜ್ಜಾ ಎಂಬ ಗಂಡಸು. ಒಂದು ವಸಂತದಲ್ಲಿ ಸಮುದ್ರದಾಚೆಯ ವಿನ್ಯಾಸ ಕಾಲೇಜೊಂದರ ವಿದ್ಯಾರ್ಥಿಗಳು ಬರುತ್ತಾರೆಂದು ಅವನು ಸುದ್ದಿ ತಂದ. ಭೂಮಿಗೆ ಹೊರೆಯಾಗದಂತೆ ವಸ್ತು ಮಾಡುವುದನ್ನು ಹಳೆಯ ಕಸುಬುಗಳಿಂದ ಕಲಿಯುವುದು ಅವರ ಉದ್ದೇಶವಂತೆ. ಬುಅಜ್ಜಾ ಅಂಗಳ ಗುಡಿಸಿಸಿದ, ಪ್ಲಾಸ್ಟಿಕ್ ಕುರ್ಚಿಗಳನ್ನು ಅಡಗಿಸಿದ, ಸಂತೆಯಿಂದ ತಂದ ರಾಸಾಯನಿಕ ಬಣ್ಣದ ಪೊಟ್ಟಣಗಳನ್ನು ಗೋಣಿಯಡಿ ಮುಚ್ಚಿಸಿದ. ದಾಳಿಂಬೆ ಸಿಪ್ಪೆ ಹಾಕಿ ದೊಡ್ಡ ಹಂಡೆಯೊಂದನ್ನು ಒಲೆಗೇರಿಸಿದ.

"ಕೇಳಿದ್ರೆ ಎಲ್ಲಾ ಬಣ್ಣಾನೂ ಗಿಡದ್ದೇ ಅನ್ನಿ. ತೂಡಾ, ನಿನ್ನ ಆ ಚಿಂದಿ ಮಗ್ಗ ಒಳಗಿಡು. ಊರ ಮರ್ಯಾದೆ ಹೋಗತ್ತೆ."

"ಊರ ಹಳೇ ಬಟ್ಟೆನೇ ಅಲ್ವಾ ಬುಅಜ್ಜಾ ಸಾಹೇಬ್ರೇ? ಅದ್ರಲ್ಲಿ ನಿಮ್ಮ ಪೈಜಾಮಾನೂ ಇದೆ. ಮಗ್ಗ ಎಲ್ಲಿದೆಯೋ ಅಲ್ಲೇ ಇರತ್ತೆ."

ಹೆಂಗಸರು ನಗು ತಡೆಯಲು ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡರು.

ವಿದ್ಯಾರ್ಥಿಗಳು ಬಂದರು. ಹಂಡೆಯ ಸುತ್ತ ನಿಂತು ಫೋಟೋ ತೆಗೆದರು. ಫೆಮ್ಕೆ ಎಂಬ ಎತ್ತರದ ಹುಡುಗಿ ಮಾತ್ರ ತೂಡಾಳ ಮಗ್ಗದ ಮುಂದೆ ಕೂತು, ಇದೇನೆಂದು ಕೇಳಿದಳು. ಬುಅಜ್ಜಾ ನಡುವೆ ಬಾಯಿ ಹಾಕಿ ಫ್ರೆಂಚಿನಲ್ಲಿ ಏನೋ ಹೇಳಿ ನಕ್ಕ.

"ಏನಂದ ಅವನು?" ಎಂದು ತೂಡಾ ದುಭಾಷಿಯಾಗಿದ್ದ ಊರ ಹುಡುಗಿ ಇಜ್ಜಾಳನ್ನು ಕೇಳಿದಳು.

ಇಜ್ಜಾ ತಲೆ ತಗ್ಗಿಸಿದಳು. "ಬೇಡ ಚಿಕ್ಕಮ್ಮ."

"ಹೇಳೇ."

"ನಾಯಿ ಮಲಗೋಕೆ ಹಾಕೋದು ಅಂದ."

ತೂಡಾ ಎದ್ದಳು. ಮುಗಿಸಿಟ್ಟಿದ್ದ ಜಮಖಾನೆಯನ್ನು ಅಂಗಳದ ನಟ್ಟನಡುವೆ ಕೊಡವಿ ಹಾಸಿದಳು.

"ಇಜ್ಜಾ, ಒಂದು ಮಾತೂ ಬಿಡದೆ ಹೇಳು ಇವರಿಗೆ. ಇದ್ರ ಮೇಲೆ ನಾನು ಮಲಗ್ತೀನಿ, ನಾಯಿ ಅಲ್ಲ. ಈ ಕೆಂಪು ನನ್ನ ಮದುವೆ ಬಟ್ಟೆ. ಆ ಹಂಡೆ ಕುದೀತಿರೋದು ನಿಮಗೆ ತೋರ್ಸೋಕೆ; ನಿಜವಾದ ಬಣ್ಣ ಗೋಣಿ ಕೆಳಗಿದೆ, ಎತ್ತಿ ನೋಡಿ. ನಾವು ಬಡವರು, ಸುಳ್ಳರಲ್ಲ."

ಇಜ್ಜಾ ಎಲ್ಲವನ್ನೂ ಹೇಳಿದಳು. ವಿದ್ಯಾರ್ಥಿಗಳ ಪ್ರೊಫೆಸರು ಮೋಸ ತಿಳಿದು ಮುಖ ಗಂಟಿಕ್ಕಿದರು. ಮರುದಿನ ಬೆಳಿಗ್ಗೆ ತಂಡವನ್ನು ಬೇರೆ ಹಳ್ಳಿಗೆ ಕರೆದೊಯ್ಯುವುದೆಂದು ತೀರ್ಮಾನವಾಯಿತು. ಕೊಳ್ಳುತ್ತಾರೆಂದು ನಂಬಿದ್ದ ಜಮಖಾನೆಗಳೆಲ್ಲ ಹಾಗೇ ಉಳಿದವು. ಸಂಘದ ಹೆಂಗಸರು ತೂಡಾಳ ಮೇಲೆ ಹರಿಹಾಯ್ದರು. "ನಿನ್ನ ಹಠಕ್ಕೆ ನಮ್ಮ ಮಕ್ಕಳ ಹೊಟ್ಟೆ ಮೇಲೆ ಹೊಡೆದೆಯಲ್ಲೇ!" ಎಂದು ಒಬ್ಬಳು ಅತ್ತಳು. ಅದು ಮಾತ್ರ ತೂಡಾಳಿಗೆ ನಾಟಿತು. ಆದರೂ ಕ್ಷಮೆ ಕೇಳಲಿಲ್ಲ. ಬುಅಜ್ಜಾ ಅವಳನ್ನು ಸಂಘದಿಂದ ತೆಗೆದುಹಾಕಿದ.

ಹೊರಡುವ ಮುನ್ನ ಫೆಮ್ಕೆ ಚಿಂದಿಗೆಂದು ತನ್ನ ಹಳೆಯ ಜೀನ್ಸ್ ಒಂದನ್ನು ಹಿಡಿದು ಬಂದಳು, ಇಜ್ಜಾಳ ಜೊತೆ. ಮಗ್ಗದ ಮೇಲಿನ ಕೈಗಳ ಫೋಟೋ ಬೇಕೆಂದಳು.

"ಕೈ ಮಾತ್ರ ಯಾಕೆ? ನಂಗೆ ಮುಖ ಇಲ್ವಾ?" ಎಂದಳು ತೂಡಾ. "ಮುಖ ತೆಗಿ. ಕೆಳಗೆ ಹೆಸರು ಬರಿ. ತೂಡಾ, ಹದ್ದೂ ಮಗಳು ಅಂತ. ಹದ್ದೂ ಅನ್ನೋದು ನಮ್ಮಪ್ಪನ ಹೆಸರು. ಹಂಗಾದ್ರೆ ಕೂತ್ಕೋತೀನಿ."

ಫೆಮ್ಕೆ ಹಾಗೆಯೇ ಮಾಡಿದಳು. ಆ ಚಿತ್ರ ಅವರ ಕಾಲೇಜಿನ ಪ್ರದರ್ಶನದಲ್ಲಿ ಹೆಸರಿನ ಸಮೇತ ತೂಗುತ್ತಿರುವುದನ್ನು ಮಳೆಗಾಲಕ್ಕೆ ಇಜ್ಜಾ ಫೋನಿನಲ್ಲಿ ತೋರಿಸಿದಳು. ತೂಡಾ ಬಹಳ ಹೊತ್ತು ನೋಡಿದಳು. "ಮೂಗು ದಪ್ಪ ಬಂದಿದೆ," ಎಂದಷ್ಟೇ ಹೇಳಿ ಕೆಲಸಕ್ಕೆ ಕೂತಳು.

ಮಗ್ಗವನ್ನು ಅವಳು ಸಂತೆಯ ದಾರಿಯ ಬದಿಗೇ ತಂದು ಹೂಡಿದ್ದಳು. ಅಂದು ಅತ್ತವಳೇ ಒಂದು ದಿನ ಚಿಂದಿಯ ಚೀಲ ತಂದು ಪಕ್ಕದಲ್ಲಿ ಕೂತಳು. ಹಳೆಯ ಜಗಳದ ಮಾತೆತ್ತದೆ ಇಬ್ಬರೂ ಚಿಂದಿ ಕತ್ತರಿಸತೊಡಗಿದರು.

ಮುಂದಿನ ವಸಂತಕ್ಕೆ ಇನ್ನೊಂದು ತಂಡ ಬರುವುದಿತ್ತು. ಚಿಂದಿ ಜಮಖಾನೆಯನ್ನೇ ನೋಡಬೇಕೆಂದು ಅವರು ಬರೆದಿದ್ದರಂತೆ. ಮಗ್ಗ ಸಮೇತ ಸಂಘಕ್ಕೆ ಬಾ ಎಂದು ಬುಅಜ್ಜಾ ಯಾರದೋ ಕೈಲಿ ಹೇಳಿ ಕಳಿಸಿದ.

"ಅವನೇ ಬರ್ಲಿ," ಎಂದಳು ತೂಡಾ. "ಸಂತೆ ದಿನ, ಎಲ್ಲರೆದುರು ಬಂದು ಕೇಳ್ಲಿ. ಆಮೇಲೆ ಯೋಚ್ನೆ ಮಾಡ್ತೀನಿ."

ಅವನು ಬರಲಿಲ್ಲ. ಅವಳೂ ಹೋಗಲಿಲ್ಲ. ವಿದ್ಯಾರ್ಥಿಗಳೇ ದಾರಿ ಕೇಳಿಕೊಂಡು ಅವಳಿದ್ದಲ್ಲಿಗೆ ನಡೆದು ಬಂದರು.